ಸಿವಾರ್ ಮುಟ್ಟದ ನಿಂಬೆ ಶರಬತ್ತು

"ನಿನ್ನ ಭಾಷಣ ಬೇಡ ಸಿವಾರ್. ಆದ್ರೆ ನೀನು ಸ್ಟೇಜ್ ಮೇಲೇ ಕೂತಿರು. ನಿಮ್ಮ ಪ್ಯಾಲೆಸ್ತೀನಿ ಡ್ರೆಸ್ ಹಾಕ್ಕೊಂಡು ಬಾ, ಫೋಟೋಗೆ ಚೆನ್ನಾಗಿರುತ್ತೆ!" ಎಂದರು ಹಾರ್ಪರ್ ಮಿಸ್, ನಗುನಗುತ್ತಲೇ.

ಸಿವಾರಳ ಮೈಯೆಲ್ಲ ಉರಿದುಹೋಯಿತು. ಶಿಕಾಗೋದಲ್ಲಿ ಆ ವಾರ ರಾಜಕೀಯ ಪಕ್ಷವೊಂದರ ದೊಡ್ಡ ಸಮಾವೇಶ. ಅದನ್ನು ನೋಡಿ ಅವಳ ಐದನೇ ಕ್ಲಾಸಿನವರೂ ನಾಳೆ ತಮ್ಮದೊಂದು ಸಮಾವೇಶ ಮಾಡುವವರಿದ್ದರು. ನಾಯಿಗಳಿಗೆ ಪಾರ್ಕ್ ಬೇಕು ಎಂದು ಡೈಲನ್ ಮಾತಾಡಬಹುದಂತೆ. ಪಿಜ್ಜಾ ಬಗ್ಗೆ ಇಬ್ಬರು ಮಾತಾಡಬಹುದಂತೆ. ಗಾಜಾದಲ್ಲಿ ಅವಳ ಚಿಕ್ಕಪ್ಪನ ಮಗ ಮಜ್ದ್ ಓದುತ್ತಿದ್ದ ಶಾಲೆ ಬಾಂಬಿಗೆ ಬಿದ್ದುಹೋದದ್ದು ಮಾತ್ರ ಬೇಡವಂತೆ. ಇದೆಂಥ ನ್ಯಾಯ!

"ಅದು ತುಂಬಾ ಸ್ಯಾಡ್ ಅಲ್ವಾ ಪುಟ್ಟಾ?" ಎಂದರು ಮಿಸ್.

'ಸ್ಯಾಡ್ ಮಾಡಿದ್ದು ಮಜ್ದ್ ಅಲ್ವಲ್ಲಾ!' ಎನ್ನಬೇಕೆಂದುಕೊಂಡಳು ಸಿವಾರ್. ಆದರೆ ಬ್ಯಾಗು ಹೆಗಲಿಗೇರಿಸಿ ಹೊರಟುಬಿಟ್ಟಳು.

ಮನೆಗೆ ಬಂದರೆ ಖುಲೂದ್ ಅತ್ತೆ ಮುಖ ಊದಿಸಿಕೊಂಡು ಕೂತಿದ್ದಳು. ಅವಳು ಆ ದೊಡ್ಡ ಸಮಾವೇಶಕ್ಕೇ ಪ್ರತಿನಿಧಿಯಾಗಿ ಹೋಗಿದ್ದವಳು.

"ಗಾಜಾ ಬಗ್ಗೆ ಮಾತಾಡೋಕೆ ನಮ್ಮವರೊಬ್ಬರಿಗೆ ಎರಡೇ ಎರಡು ನಿಮಿಷ ಮೈಕ್ ಕೊಡಿ ಅಂತ ಕೇಳಿದ್ವಿ. ಕಾಫಿ ಕೊಟ್ರು, ಕೇಕ್ ಕೊಟ್ರು, ಒಳ್ಳೇ ಸೀಟೂ ಕೊಟ್ರು. ಮೈಕ್ ಮಾತ್ರ ಕೊಡ್ಲಿಲ್ಲ!"

ಅಜ್ಜ ತಲೆಯೆತ್ತಿದರು. "ಕಾಫಿ ಕುಡಿದುಬಿಟ್ಯಾ?"

"ಹ್ಞೂ ಅಪ್ಪ."

"ಅಯ್ಯೋ ಮಂಕೇ! ಏನಾದ್ರೂ ಕೇಳೋಕೆ ಹೋದೋರು ಕಾಫಿ ಮುಟ್ತಾರಾ? ನಮ್ಮೂರಲ್ಲಿ ಅದನ್ನ ಎದುರಿಗಿಟ್ಕೊಂಡು ಸುಮ್ನೆ ಕೂರ್ತಿದ್ವಿ. ಮನೆಯೋರು ಆಯ್ತು ಅಂದ್ಮೇಲೇ ಕುಡಿಯೋದು."

"ಇಲ್ಲಿಯೋರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತಪ್ಪಾ?" ಅತ್ತೆ ರೇಗಿದಳು.

ಸಿವಾರ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

ಮರುದಿನ ಅವಳು ಕೆಂಪು ಕಸೂತಿಯ ನಿಲುವಂಗಿ ತೊಟ್ಟು ಸ್ಟೇಜ್ ಮೇಲೆ ಕೂತಳು. ಎಲ್ಲರಿಗೂ ನಿಂಬೆ ಶರಬತ್ತು ಬಂತು. ಸೆಕೆಗೆ ಬಾಯಿ ಒಣಗಿತ್ತು. ಆದರೂ ಅವಳು ಕಪ್ಪನ್ನು ಮುಂದಿನ ಮೇಜಿನ ಮೇಲಿಟ್ಟು ಕೈಕಟ್ಟಿ ಕೂತಳು.

"ಕುಡಿ ಪುಟ್ಟಾ," ಮಿಸ್ ಪಿಸುಗುಟ್ಟಿದರು.

"ಈಗ ಬೇಡ ಮಿಸ್."

ಪಿಜ್ಜಾ ಮುಗಿಯಿತು. ನಾಯಿ ಪಾರ್ಕೂ ಮುಗಿಯಿತು. ಎಲ್ಲರ ಕಪ್ಪೂ ಖಾಲಿ. ಅವಳದು ಮಾತ್ರ ಐಸ್ ಕರಗಿ ಅಂಚಿನವರೆಗೂ ತುಂಬಿ ನಿಂತಿತ್ತು.

ಡೈಲನ್‌ಗೆ ತಡೆಯಲಾಗಲಿಲ್ಲ. ಮೈಕ್ ಇನ್ನೂ ಅವನ ಕೈಯಲ್ಲೇ ಇತ್ತು. "ಸಿವಾರ್, ನೀನ್ಯಾಕೆ ಕುಡೀತಿಲ್ಲ?"

ಇಡೀ ಹಾಲಿಗೆ ಕೇಳಿಸಿತು. ಅಪ್ಪ ಅಮ್ಮಂದಿರೆಲ್ಲ ಅವಳತ್ತ ತಿರುಗಿದರು. ಡೈಲನ್ ಮೈಕನ್ನು ಅವಳ ಕಡೆ ಚಾಚಿದ.

ಮುಟ್ಟದೆ ಇಟ್ಟ ಕಪ್ಪು ಎದುರಿಗಿದ್ದವರೇ ಪ್ರಶ್ನೆ ಕೇಳುವಂತೆ ಮಾಡುತ್ತದೆ ಎಂದು ಅಜ್ಜ ಹೇಳಿರಲೇ ಇಲ್ಲ. ಸಿವಾರ್ ಎದ್ದು ನಿಂತಳು.

"ನನಗೊಬ್ಬ ತಮ್ಮ ಇದಾನೆ," ಎಂದಳು. "ಅವನ ಹೆಸರು ಮಜ್ದ್."