ಸ್ಟೇಷನ್ನಿನ ಆಚೆ ಬದಿಯ ದೇವಸ್ಥಾನ

ನೆಲ ಅಲುಗಾಡಿತು...

ಮೊದಲು ಲೋಟದಲ್ಲಿದ್ದ ಮಜ್ಜಿಗೆ ನಡುಗಿತು. ಆಮೇಲೆ ಗೋಡೆಯ ಮೇಲಿನ ಕ್ಯಾಲೆಂಡರು. ಆಮೇಲೆ ಇಡೀ ಕಟ್ಟಡವೇ ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ವಾಲಿತು.

ಚಂದ್ರಪ್ರಭಾ ಮೈಸೂರು ಬಿಟ್ಟು ಜಪಾನಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅದು ಎರಡು ಸಾವಿರನೇ ಇಸವಿಯ ಯುಗಾದಿ. ಹಬ್ಬ ವಾರದ ನಡುವೆ ಬಂದಿದ್ದರಿಂದ ಕಡಲ ಬದಿಯ ಉರಯಾಸುವಿನಲ್ಲಿ ನೆಲೆಸಿದ್ದ ಜಲಜಕ್ಕ ಊಟವನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದರು. ಯಾರದೋ ಪರಿಚಯ ಹಿಡಿದು, ವಾಕೋದಿಂದ ರೈಲು ಬದಲಿಸಿ ಬದಲಿಸಿ ಬಂದಿದ್ದ ಹುಡುಗಿ, ಒಬ್ಬಟ್ಟು ಬಾಯಿಗಿಡುವ ಮೊದಲೇ ಕಾಲಿಗೆ ಬುದ್ಧಿ ಹೇಳಿದಳು.

ಮಹಡಿ ಇಳಿದು, ಬರಿಗಾಲಲ್ಲಿ ರಸ್ತೆಗೆ ಬಂದು ನಿಂತಾಗಲೇ ಅವಳಿಗೆ ಗೊತ್ತಾದದ್ದು, ಬೇರೆ ಯಾರೂ ಓಡಿ ಬಂದಿಲ್ಲ ಎಂದು. ರಸ್ತೆ ಖಾಲಿ. ಗಾಳಿಗೆ ಸಕುರಾ ಹೂವಿನ ಪಕಳೆಗಳು ಏನೂ ಆಗಿಲ್ಲವೆಂಬಂತೆ ತೇಲುತ್ತಿದ್ದವು.

ಹಿಂದೆಯೇ ಒಬ್ಬ ಬಂದ. ಎತ್ತರದ ಆಳು. ಕೈಯಲ್ಲಿ ಚಪ್ಪಲಿ ಹಿಡಿದು ಏದುಸಿರು ಬಿಡುತ್ತಿದ್ದ.

"ಹೀಗೆ ಹೊರಗೆ ಓಡಬಾರದು ಕಣ್ರೀ. ಮೇಲಿಂದ ಗಾಜು ಬೀಳತ್ತೆ. ಗ್ಯಾಸ್ ಆಫ್ ಮಾಡಿ ಒಳಗೇ ಇರಬೇಕು."

"ನಿಮಗೆ ಭಯ ಆಗಲ್ವಾ?"

"ನಮಗೆಲ್ಲ ಅಭ್ಯಾಸ ಆಗೋಗಿದೆ," ಎಂದು ಬಗ್ಗಿ, ಇಲ್ಲಿನವರು ಬಾಗಿಲಲ್ಲಿ ಜೋಡಿಸುವಂತೆ, ಚಪ್ಪಲಿಗಳನ್ನು ಅವಳ ಕಾಲ ಮುಂದೆ ಒಪ್ಪವಾಗಿ ಇಟ್ಟ.

ಒಂದು ಅವಳದು. ಇನ್ನೊಂದು ಜಲಜಕ್ಕನ ಯಜಮಾನರು ಲಿಂಗರಾಜು ಅವರ ದೊಡ್ಡ ರಬ್ಬರ್ ಚಪ್ಪಲಿ.

ಅವಳು ಚಪ್ಪಲಿ ನೋಡಿದಳು, ಅವನ ಮುಖ ನೋಡಿದಳು. "ಅಭ್ಯಾಸ ಆಗೋಗಿದೆ ಅಂದ್ರಿ?"

ಅವನ ಕಿವಿ ಕೆಂಪಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. ವಿಮಾನ ಹತ್ತಿದ ದಿನದಿಂದ ಅವಳು ಹಾಗೆ ನಕ್ಕಿರಲೇ ಇಲ್ಲ.

ಅವನ ಹೆಸರು ಶ್ರೀಪಾದ, ಚಾಮರಾಜಪೇಟೆಯವನು. ಎರಡು ಸಾವಿರನೇ ಇಸವಿ ಹುಟ್ಟಿದ ಗಳಿಗೆಗೆ ಕಂಪ್ಯೂಟರುಗಳೆಲ್ಲ ತಾರೀಖು ತಪ್ಪಿ ಕೆಟ್ಟು ನಿಲ್ಲುತ್ತವೆ ಎಂದು ಲೋಕವೆಲ್ಲ ಹೆದರಿತ್ತಲ್ಲ, ಆಗ ಅದನ್ನು ಸರಿಮಾಡಲು ಕಂಪನಿ ಅವನನ್ನು ಯೋಕೋಹಾಮಾಕ್ಕೆ ಕಳಿಸಿತ್ತು. ಜನವರಿ ಬಂತು, ಏನೂ ಕೆಡಲಿಲ್ಲ. ಕಂಪನಿ ಅವನನ್ನು ಇಕೆಬುಕುರೋ ಆಫೀಸಿನಲ್ಲಿ ಇನ್ನೊಂದು ಕೆಲಸಕ್ಕೆ ಉಳಿಸಿಕೊಂಡಿತು.

ಚಂದ್ರಪ್ರಭಾ ವಾಕೋದ ದೊಡ್ಡ ಸಂಶೋಧನಾ ಸಂಸ್ಥೆಗೆ ಬಂದವಳು. ಹಗಲೆಲ್ಲ ಲ್ಯಾಬು. ಸಂಜೆ ಸೈಕಲ್ ತುಳಿದು ಒಂದು ಕೋಣೆಯ ಮನೆ. ಅಲ್ಲಿ ಒಂದು ಟೆಲಿಫೋನು, ಒಂದು ರೈಸ್ ಕುಕ್ಕರು, ಉಳಿದ ಜಾಗದಲ್ಲೆಲ್ಲ ಮೌನ. ಲ್ಯಾಬಿನ ಮೋರಿತಾ ಸಾನ್ ಒಳ್ಳೆಯ ಹೆಂಗಸು, ದಿನಾ ಬೆಳಿಗ್ಗೆ ತಲೆ ಬಾಗಿಸುತ್ತಿದ್ದಳು, ಸಂಜೆ ಮತ್ತೆ ಬಾಗಿಸುತ್ತಿದ್ದಳು. ನಡುವೆ ಮಾತಿಲ್ಲ.

ಕಳ್ಳರ ಭಯ ಅವಳಿಗೆ ಇರಲಿಲ್ಲ. ಈ ಊರಲ್ಲಿ ಮರೆತು ಬಿಟ್ಟ ಕೊಡೆ ಮಾರನೆಯ ದಿನವೂ ಅಲ್ಲೇ ತೂಗುತ್ತಿರುತ್ತಿತ್ತು. ಅವಳ ಭಯವೇ ಬೇರೆ. ಯಾವಾಗಲಾದರೂ ಮಂಚ ಮೆಲ್ಲಗೆ ನಡುಗಿದಾಗ ಕಣ್ಣು ಬಿಟ್ಟು ಮಲಗಿರುತ್ತಿದ್ದಳು.

'ಈ ಗೋಡೆ ನನ್ನ ಮೇಲೆ ಬಿದ್ದರೆ... ನನ್ನ ಹೆಸರು ಹಿಡಿದು ಕೂಗಿಕೊಂಡು ಬರೋರು ಯಾರು?'

ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಶ್ರೀಪಾದನಿಗೆ ಅರ್ಥವಾಗಿತ್ತೋ ಏನೋ. ಆಗೊಂದು ಈಗೊಂದು ಶನಿವಾರ ಅವನು ವಾಕೋಗೆ ಬರತೊಡಗಿದ. ಬಂದಾಗಲೆಲ್ಲ ಒಂದು ನೆಪ. ಪುಸ್ತಕದ ಕಪಾಟಿಗೂ ಚಾವಣಿಗೂ ನಡುವೆ ಕಬ್ಬಿಣದ ಕೋಲು ಬಿಗಿದು ಕೊಟ್ಟ. ನೀರಿನ ಬಾಟಲಿ, ಟಾರ್ಚು, ಬಿಸ್ಕತ್ತು ತುಂಬಿದ ಚೀಲವೊಂದನ್ನು ಬಾಗಿಲ ಬಳಿ ನೇತುಹಾಕಿದ. ಪೊಲೀಸ್ ಚೌಕಿ ಎಲ್ಲಿದೆ ಎಂದು ತೋರಿಸಿದ. ಅವಳು ಚೀಲಕ್ಕೆ ಪುಳಿಯೋಗರೆ ಗೊಜ್ಜಿನ ಡಬ್ಬಿಯನ್ನೂ ಸೇರಿಸಿದಾಗ, ಭೂಕಂಪದ ಹೊತ್ತಲ್ಲಿ ಅನ್ನ ಯಾರು ಮಾಡಿಕೊಡುತ್ತಾರೆ ಎಂದು ನಕ್ಕ. ಕೆಲಸ ಮುಗಿದ ಮೇಲೆ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಿಂದ ಬಿಸಿ ಕಾಫಿ ಡಬ್ಬಿ ತಂದು ಇಬ್ಬರೂ ಕಾಲುವೆ ಪಕ್ಕ ಕೂರುತ್ತಿದ್ದರು. ನೀರಿನಲ್ಲಿ ಮೋಡಗಳು ಹೋಗುತ್ತಿದ್ದವು. ಮಾತು ಮುಗಿದರೂ ಎದ್ದು ಹೋಗಬೇಕು ಅನ್ನಿಸುತ್ತಿರಲಿಲ್ಲ.

ಹಾಗೊಂದು ಶನಿವಾರ ಅವನು ಹೇಳಿದ. "ದೊಡ್ಡದು ಬಂದ್ರೆ ಫೋನ್ ಕೆಲಸ ಮಾಡಲ್ಲ. ಇಲ್ಲಿನವರು ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಂಡಿರ್ತಾರೆ."

"ಅದು ಒಂದೇ ಮನೆಯವರು ಮಾಡೋದಲ್ವಾ?"

ಅವನು ಕಾಫಿ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿದ. "ನಿಮಗಿಲ್ಲಿ ಯಾರೂ ಇಲ್ಲವಲ್ಲ... ಅದಕ್ಕೆ."

'ಯಾರೂ ಇಲ್ಲ ಅಂದ. ನಾನಿದೀನಿ ಅನ್ನಬಾರದಿತ್ತಾ?' ಆದರೂ ಅವಳ ಎದೆಯೊಳಗೆ ಏನೋ ಬೆಚ್ಚಗಾಯಿತು.

"ಸ್ಟೇಷನ್ ಹತ್ರ ದೇವಸ್ಥಾನ ಇದೆಯಲ್ಲ, ದೊಡ್ಡ ಮರ ಇರೋದು," ಎಂದ.

"ಹೂಂ, ಗೊತ್ತು. ದಿನಾ ಅದರ ಮುಂದೇನೇ ಹೋಗ್ತೀನಿ."

"ಅಲ್ಲಿಗೆ ಬನ್ನಿ. ನಾನು ಎಲ್ಲಿದ್ರೂ ಬರ್ತೀನಿ."

ಎಲ್ಲಿದ್ರೂ ಬರ್ತೀನಿ... ಆ ಮಾತನ್ನು ಅವಳು ಎಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದಳೋ. ಲ್ಯಾಬಿನಲ್ಲಿ ಗಾಜಿನ ನಳಿಗೆ ತೊಳೆಯುವಾಗಲೂ ಅದು ಕಿವಿಯಲ್ಲಿ ಇರುತ್ತಿತ್ತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಭೂಮಿ ಮತ್ತೆ ಅಲುಗಾಡಿತು. ಈ ಸಲ ಸ್ವಲ್ಪ ಹೆಚ್ಚೇ. ಕಪಾಟಿನ ಬಾಟಲಿಗಳು ಒಡೆದವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ರೈಲುಗಳು ನಿಂತವು, ಫೋನು ಎತ್ತಿದರೆ ಬರೀ ಗುಂಯ್ ಅನ್ನುತ್ತಿತ್ತು.

ಎಲ್ಲರನ್ನೂ ಮನೆಗೆ ಕಳಿಸಿದಾಗ ಚಂದ್ರಪ್ರಭಾ ಮನೆಗೆ ಹೋಗಲಿಲ್ಲ. ದೇವಸ್ಥಾನಕ್ಕೆ ಹೋದಳು.

ಮರದ ಕೆಳಗೆ ಕಲ್ಲಿನ ಮೆಟ್ಟಿಲು. ದೊಡ್ಡ ಕಂಚಿನ ಗಂಟೆ. ಊದುಬತ್ತಿಯ ಹೊಗೆ ನೇರವಾಗಿ ಮೇಲೇರಿ, ಮೇಲೆಲ್ಲೋ ಮನಸ್ಸು ಬದಲಾದಂತೆ ಬಾಗುತ್ತಿತ್ತು. ಪೂಜಾರಿಯ ಹೆಂಡತಿ ಹೊರಗೆ ಬಂದು, ಅವಳನ್ನು ಏನೂ ಕೇಳದೆ, ಬಾರ್ಲಿ ಟೀ ತಂದಿಟ್ಟು ಹೋದಳು.

ಗೇಟಿನಲ್ಲಿ ಎತ್ತರದ ನೆರಳು ಬಿದ್ದಾಗಲೆಲ್ಲ ಎದ್ದು ನಿಂತಳು. ಬೇರೆ ಯಾರೋ ಆಗಿರುತ್ತಿದ್ದರು.

'ರೈಲಿಲ್ಲ, ತಡ ಆಗತ್ತೆ...' ಎಂದುಕೊಂಡಳು. ಬಿಸಿಲು ಮೆಟ್ಟಿಲಿಳಿಯಿತು. 'ಅವರು ತಮಾಷೆಗೆ ಹೇಳಿದ್ದೇನೋ...' ಟೀ ಆರಿತು. ಕತ್ತಲಾಗುವ ಮುಂಚೆ ಪೂಜಾರಿ ಬಂದು ಗಂಟೆ ಬಾರಿಸಿದ. ಆ ದನಿ ಮೈಯೊಳಗೆಲ್ಲ ತುಂಬಿ, ಖಾಲಿಯಾಗಿ, ಮತ್ತೆ ತುಂಬಿತು.

ಅವನು ಬರಲಿಲ್ಲ.

ಮನೆ ಬಾಗಿಲು ತೆರೆಯುವಾಗಲೇ ಫೋನು ಹೊಡೆದುಕೊಳ್ಳುತ್ತಿತ್ತು. ಓಡಿ ಎತ್ತಿದಳು. ಜಲಜಕ್ಕ.

"ಪ್ರಭಾ, ಮನೇಲಿದೀಯಾ? ಅಬ್ಬ, ಸದ್ಯ. ಶ್ರೀಪಾದ ಈಗಷ್ಟೇ ಫೋನ್ ಮಾಡಿದ್ದ ಕಣೇ, ಚೆನ್ನಾಗಿದಾನೆ. ನಿನ್ನ ವಿಚಾರಾನೂ ಕೇಳಿದ. ಅವನಿಗೂ ಹೇಳ್ತೀನಿ, ನೀನು ಮನೇಲೇ ಇದೀಯ ಅಂತ."

ಸಮಾಧಾನದಿಂದ ಅವಳ ಕಣ್ಣಲ್ಲಿ ನೀರು ಬಂತು. ಮರುಕ್ಷಣ ಅದೇ ನೀರು ಬೇರೆ ಕಾರಣಕ್ಕೆ ಇಳಿಯಿತು. ಜಲಜಕ್ಕನಿಗೆ ಫೋನು ಮಾಡಲು ಅವನಿಗೆ ಆಯಿತು. ಬರಲು ಆಗಲಿಲ್ಲ.

ಆ ಶನಿವಾರ ಅವನು ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಅವಳೂ ಫೋನು ಮಾಡಲಿಲ್ಲ. ಏನೆಂದು ಕೇಳುವುದು? ಯಾಕೆ ಬರಲಿಲ್ಲ ಎಂದು ಕೇಳಲು ತಾನು ಅವನಿಗೆ ಏನಾಗಬೇಕು?

ಕಾಲುವೆಯ ಪಕ್ಕ ಒಬ್ಬಳೇ ಕೂತಾಗ ನೀರಿನಲ್ಲಿ ಅದೇ ಮೋಡಗಳು ಹೋಗುತ್ತಿದ್ದವು. ನೋಡುತ್ತಾ ನೋಡುತ್ತಾ, ಆ ಶನಿವಾರಗಳೆಲ್ಲ ತನಗೆ ಬಿದ್ದ ಕನಸೇ ಇರಬೇಕು ಅನ್ನಿಸುತ್ತಿತ್ತು.

ಅಕ್ಟೋಬರು ಮುಗಿಯುವಾಗ ಎರಡು ಸುದ್ದಿ ಬಂದವು. ಸಂಸ್ಥೆಯಲ್ಲಿ ಇನ್ನೆರಡು ವರ್ಷ ಇರುತ್ತೀಯಾ ಎಂದು ಅವಳ ಪ್ರೊಫೆಸರು ಕೇಳಿದರು. ಶ್ರೀಪಾದ ಬೆಂಗಳೂರಿಗೆ ವಾಪಸು ಹೋಗುತ್ತಾನಂತೆ ಎಂದು ಜಲಜಕ್ಕ ಹೇಳಿದರು. ಅವನನ್ನು ಬೀಳ್ಕೊಡಲು ಭಾನುವಾರ ಊಟಕ್ಕೆ ಕರೆದಿದ್ದೇನೆ, ನೀನೂ ಬಾ ಎಂದರು.

ಅವಳು ಪ್ರೊಫೆಸರಿಗೆ ಹೇಳುವ ಉತ್ತರವನ್ನು ರೈಲಿನಲ್ಲೇ ತೀರ್ಮಾನಿಸಿಕೊಂಡಳು. ಇರುವುದಿಲ್ಲ. ತನ್ನನ್ನು ಹುಡುಕಿಕೊಂಡು ಬರುವವರು ಯಾರೂ ಇಲ್ಲದ ಊರಿನಲ್ಲಿ ಎರಡು ವರ್ಷ ಬಹಳ ಉದ್ದ.

ಊಟದ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಂಡರು. ಅವನು ಸೊರಗಿದ್ದ. ಬಿಸಿಬೇಳೆಬಾತು ಬಡಿಸುತ್ತಿದ್ದ ಲಿಂಗರಾಜು ಅವರಿಗೆ ಮಾತ್ರ ಮನೆ ಇಷ್ಟು ಗಪ್ಪಾಗಿರುವುದನ್ನು ಸಹಿಸಲಾಗಲಿಲ್ಲ.

"ಏನಪ್ಪಾ ಶ್ರೀಪಾದ, ಹೋಗೋ ಮುಂಚೆ ಒಂದು ಸತ್ಯ ಹೇಳ್ಬಿಡು. ಭೂಕಂಪದ ದಿನ ಅಷ್ಟು ದೂರ ನಡೆದು ಕಾಲೆಲ್ಲ ಗುಳ್ಳೆ ಎಬ್ಬಿಸ್ಕೊಂಡಿದ್ದೆಯಲ್ಲ, ಯಾವ ಹುಡುಗೀನ ನೋಡಕ್ಕೆ ಹೋಗಿದ್ದೆ?"

"ಹುಡುಗಿ ಇಲ್ಲ ಅಣ್ಣ. ನರಿ ನೋಡಕ್ಕೆ ಹೋಗಿದ್ದೆ."

ಎಲ್ಲರೂ ನಕ್ಕರು. ಚಂದ್ರಪ್ರಭಾಳ ಕೈ ತಟ್ಟೆಯಲ್ಲೇ ನಿಂತಿತು. 'ನಡೆದು? ಎಲ್ಲಿಗೆ ನಡೆದು?'

ಊಟವಾದ ಮೇಲೆ ಅವನು ಬಾಲ್ಕನಿಯಲ್ಲಿ ಒಬ್ಬನೇ ನಿಂತಿದ್ದ. ಅವಳು ಹೋಗಿ ಪಕ್ಕದಲ್ಲಿ ನಿಂತಳು. ದೂರದಲ್ಲಿ ಕೊಲ್ಲಿಯ ನೀರು ಬೆಳ್ಳಗೆ ಹೊಳೆಯುತ್ತಿತ್ತು.

"ಆ ದಿನ ಎಲ್ಲಿಗೆ ನಡೆದು ಹೋದ್ರಿ?"

ಅವನು ನೀರನ್ನೇ ನೋಡುತ್ತಿದ್ದ. "ನಿಮಗೆ ಗೊತ್ತಿಲ್ವಾ? ಇಕೆಬುಕುರೋ ಆಫೀಸಿಂದ ವಾಕೋಗೆ. ದೇವಸ್ಥಾನಕ್ಕೆ."

"ಸುಳ್ಳು. ನಾನು ಕತ್ತಲಾಗೋ ತನಕ ಅಲ್ಲೇ ಇದ್ದೆ."

"ನೀವು ಮನೇಲಿದ್ರಿ. ಜಲಜಕ್ಕನೇ ಹೇಳಿದ್ರು, ಮನೇಲೇ ಇದಾಳೆ ಅಂತ. ನಾನು ಆ ಹೊತ್ತಲ್ಲಿ ಕಲ್ಲಿನ ನರಿ ಪಕ್ಕ ಕೂತಿದ್ದೆ, ಮೊಬೈಲ್ ಹಿಡ್ಕೊಂಡು."

"ಯಾವ ನರಿ?"

"ದೇವಸ್ಥಾನದ ನರಿ. ಬಾಗಿಲಲ್ಲಿ ಎರಡು ಇಲ್ವಾ, ಕೆಂಪು ಬಟ್ಟೆ ಕಟ್ಟಿರೋದು?"

"ಅಲ್ಲಿ ನರಿ ಎಲ್ಲಿದೆ? ಗಂಟೆ ಇದೆ. ಹಿಂದುಗಡೆ ಸಮಾಧಿಗಳಿವೆ."

"ದೇವಸ್ಥಾನದಲ್ಲಿ ಸಮಾಧಿ ಎಲ್ಲಿ ಬಂತು?"

ಅವಳು ಅವನ ಕಡೆ ತಿರುಗಿದಳು. ಅವನೂ ತಿರುಗಿ ಅವಳನ್ನೇ ನೋಡಿದ. ಇಬ್ಬರ ಮುಖದಲ್ಲೂ ಒಂದೇ ಯೋಚನೆ ಮೆಲ್ಲಮೆಲ್ಲನೆ ಮೂಡುವುದು ಕಾಣುತ್ತಿತ್ತು.

"ಕೆಂಪು ಕಮಾನು ಇರೋದಾ..." ಎಂದಳು ಅವಳು. "ಅದು ಸ್ಟೇಷನ್ನಿನ ಆಚೆ ಬದಿ."

"ನೀವು ಈಚೆ ಬದೀಲಿ, ಬುದ್ಧನ ದೇವಸ್ಥಾನದಲ್ಲಿ..."

ಜಪಾನಿನವರಿಗೆ ಅವೆರಡೂ ಬೇರೆ ಬೇರೆ. ಕೆಂಪು ಕಮಾನಿನದು ಜಿಂಜಾ, ಬುದ್ಧನದು ಓತೆರಾ. ಅಲ್ಲಿನ ಪುಟ್ಟ ಮಗುವೂ ಒಂದನ್ನು ಇನ್ನೊಂದೆಂದು ಕರೆಯುವುದಿಲ್ಲ. ಕನ್ನಡದ ಬಾಯಿಗೆ ಮಾತ್ರ ಎರಡೂ ದೇವಸ್ಥಾನವೇ. ಎರಡರ ಅಂಗಳದಲ್ಲೂ ದೊಡ್ಡ ಮರವಿತ್ತು. ನಡುವೆ ಇದ್ದದ್ದು ಒಂದು ಸ್ಟೇಷನ್ನು, ನಿಂತುಹೋದ ಕೆಲವು ರೈಲುಗಳು.

ಅವಳಿಗೆ ನಗು ಬಂತು. ನಗುತ್ತಲೇ ಅಳು ಬಂತು. ಸೆರಗಿಲ್ಲದ ಅಂಗಿಯಲ್ಲಿ ಕಣ್ಣೊರೆಸಿಕೊಳ್ಳಲು ತೋಳನ್ನೇ ಎತ್ತಿದಳು.

"ಯಾಕೆ ನಡ್ಕೊಂಡು ಬಂದ್ರಿ? ಅಂಥ ದೊಡ್ಡ ಭೂಕಂಪ ಏನಾಗಿರಲಿಲ್ಲ."

"ದೊಡ್ಡದೋ ಚಿಕ್ಕದೋ ನನಗೆ ಗೊತ್ತಾಗ್ಲಿಲ್ಲ," ಎಂದ ಅವನು ನಿಧಾನವಾಗಿ. "ನೀವು ಒಬ್ಬರೇ ಕಾಯ್ತಿರ್ತೀರಿ ಅನ್ನೋದೊಂದು ಗೊತ್ತಿತ್ತು. ಸಂಜೆ ಲೈನ್ ಸಿಕ್ಕ ಮೇಲೆ ನಿಮ್ಮ ಮನೆಗೆ ಫೋನ್ ಮಾಡಿದೆ, ರಿಂಗ್ ಆಗ್ತಾನೇ ಇತ್ತು. ಆ ನರಿ ಮುಂದೆ ನಿಮ್ಮ ಹೆಸರು ಹಿಡಿದು ಕೂಗಿದ್ದೀನಿ ಕಣ್ರೀ. ಒಬ್ಬ ಮುದುಕ ನಾಯಿ ಕರ್ಕೊಂಡು ಬಂದಿದ್ದ, ಸುಮಿಮಾಸೆನ್, ಕ್ಷಮಿಸಿ ಅಂತ ಹೇಳಿ ದೂರ ಸರಿದು ಹೋದ."

ಅವಳು ಬಾಲ್ಕನಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈ ಪರದೇಶದಲ್ಲಿ, ನಿಂತುಹೋದ ರೈಲುಗಳ ಆಚೆ, ಯಾರೋ ಅವಳ ಹೆಸರನ್ನು ಕೂಗಿದ್ದರು. ಅವಳು ಗಂಟೆಯ ಸದ್ದು ಕೇಳುತ್ತಾ ಕೂತಿದ್ದಾಗ.

"ಮತ್ತೆ ಯಾಕೆ ಹೋಗ್ತಿದೀರಾ?"

"ಇನ್ನೊಂದು ಪ್ರಾಜೆಕ್ಟ್ ಕೊಡ್ತೀವಿ ಅಂದ್ರು. ಬೇಡ ಅಂದೆ. ಇಲ್ಲಿ ಯಾರಿಗೋಸ್ಕರ ಇರೋದು ಅಂತ." ಅವನು ಕಂಬಿಯ ಮೇಲೆ ಕೈಯಿಟ್ಟ. "ನಾಳೆ ಬೆಳಿಗ್ಗೆ ಹೋಗಿ ಬೇಕು ಅನ್ನಬಹುದು. ನೀವು ಹೇಳಿದ್ರೆ."

"ನಾನು ಎರಡು ವರ್ಷ ಇಲ್ಲೇ ಇರ್ತೀನಿ," ಎಂದಳು ಅವಳು. ರೈಲಿನಲ್ಲಿ ತೀರ್ಮಾನಿಸಿದ್ದ ಉತ್ತರ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಒಳಗಿನಿಂದ ಜಲಜಕ್ಕ ಕಾಫಿಗೆ ಕರೆದರು. ಇಬ್ಬರೂ ಅಲ್ಲಾಡಲಿಲ್ಲ. ಜಲಜಕ್ಕ ಒಮ್ಮೆ ಇಣುಕಿ ನೋಡಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು.

"ಮುಂದಿನ ಸಲ ಭೂಮಿ ಅಲುಗಾಡಿದ್ರೆ ಎಲ್ಲಿ ಸೇರೋಣ? ಈಗಲೇ ಸರಿಯಾಗಿ ಹೇಳ್ಬಿಡಿ."

ಅವನು ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದ.

"ಒಂದೇ ಮನೇಲಿದ್ರೆ... ಎಲ್ಲಿಗೂ ಹೋಗೋದೇ ಬೇಡ. ಊಟದ ಟೇಬಲ್ ಕೆಳಗೆ ನುಗ್ಗಿದ್ರಾಯ್ತು."

ಕೊಲ್ಲಿಯ ಕಡೆಯಿಂದ ಗಾಳಿ ಬಂತು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಅವನಿಗೆ ಅವಳ ಕಿವಿಯ ಓಲೆ ಅಲುಗುವುದು ಮಾತ್ರ ಕಾಣುತ್ತಿತ್ತು.

"ಟೇಬಲ್ ದೊಡ್ಡದೇ ತಗೋಬೇಕಾಗತ್ತೆ," ಎಂದಳು ಕೊನೆಗೆ. "ನೀನು ಇಷ್ಟುದ್ದ ಇದೀಯ."

ಅವನು ಅವಳ ಕಡೆ ಬಾಗಿದ.

"ಇನ್ನೊಂದ್ಸಲ ಹೇಳು."

"ಏನು, ಟೇಬಲ್ಲಾ?"

"ಅಲ್ಲ. ಅದಾದ ಮೇಲೆ ಏನೋ ಅಂದೆಯಲ್ಲ."

ಅವಳು ಮುಖವೆತ್ತಿ ಅವನನ್ನು ನೋಡಿದಳು.

"ನೀನು," ಎಂದಳು.