ಸುಣ್ಣ ಬೀಳದ ತೊಟ್ಟಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಲಾಡ್ಜಿನ ಮಾಲೀಕ ಒಂದು ಮೂಟೆ ಹಾಸಿಗೆ ಬಟ್ಟೆ ತಂದು ಠಾಣೆಯ ಮೇಜಿನ ಮೇಲೆ ಸುರಿದ. ಎಲ್ಲವೂ ತೂತು. ಬೆರಳಿಟ್ಟರೆ ಹಳೆಯ ಕಾಗದದಂತೆ ಹರಿಯುತ್ತಿತ್ತು. ಒಗೆಯುವಾಕೆ ಅಗ್ಗದ ಬ್ಲೀಚು ಹಾಕಿ ಹಾಳು ಮಾಡಿದ್ದಾಳೆ, ಕೇಳಿದರೆ ಇಸ್ತ್ರಿ ಹಾಕುವವರೆಗೂ ಚೆನ್ನಾಗಿತ್ತು ಎಂದು ಕತೆ ಕಟ್ಟುತ್ತಾಳೆ ಎಂದು ದೂರು ಬರೆದುಕೊಟ್ಟ.

ಆಕೆಯನ್ನು ಕರೆಸಿದರು. ಐವತ್ತು ದಾಟಿದ ಹೆಂಗಸು. ಅಂದು ಮೇಲಧಿಕಾರಿಯ ಫೋನಿನಲ್ಲಿ ಇನ್ಸ್‌ಪೆಕ್ಟರಿಗೆ ಚೆನ್ನಾಗಿಯೇ ಮಂಗಳಾರತಿ ಆಗಿತ್ತು. ಆ ಸಿಟ್ಟು ಇಳಿಸಲು ಯಾರಾದರೂ ಬೇಕಿತ್ತು, ಈಕೆ ಸಿಕ್ಕಿದಳು. ಹಜಾರದ ಬೆಂಚುಗಳಲ್ಲಿ ಜನ ತುಂಬಿದ್ದರು.

"ಎಷ್ಟು ವರ್ಷದಿಂದ ಒಗೀತಿದೀಯ?"

"ನಮ್ಮತ್ತೆ ಕಾಲದಿಂದ ಸಾರ್."

"ಇಷ್ಟು ವರ್ಷ ಒಗೆದೂ ಬಟ್ಟೆ ಸುಡಬಾರದು ಅಂತ ಗೊತ್ತಾಗ್ಲಿಲ್ವಾ? ನಿನ್ನ ಕೈಗೆ ಬಟ್ಟೆ ಕೊಡೋರಿಗೆ ಬುದ್ಧಿ ಇಲ್ಲ."

ಬೆಂಚಿನ ಮೇಲೆ ಯಾರೋ ನಕ್ಕರು. ಆಕೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು. ಅದನ್ನು ಇನ್ಸ್‌ಪೆಕ್ಟರ್ ಉಡಾಫೆ ಎಂದುಕೊಂಡ. ಮಾತಿಗೆ ಕಾಲು ಬಂದು, ಸಂಜೆಯೊಳಗೆ ಅರ್ಧ ಬೀದಿಯವರು ತಮ್ಮ ಬಟ್ಟೆ ವಾಪಸು ಒಯ್ದರು.

ಮಂಗಳವಾರ ಆಕೆಯ ಮನೆಯಲ್ಲಿ ಸ್ಥಳ ಮಹಜರು. ಜೊತೆಗೆ ಬಂದ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ 'ಪುರಾಣ' ಎಂದೇ ಹೆಸರು, ಬಾಯಿ ತೆಗೆದರೆ ಮುಚ್ಚುವವನಲ್ಲ. ಬ್ಲೀಚಿನ ಬಾಟಲಿ ಎಲ್ಲೂ ಸಿಗಲಿಲ್ಲ. ಇಸ್ತ್ರಿ ಪೆಟ್ಟಿಗೆ ವಶಪಡಿಸಿಕೊಳ್ಳುವಾಗ ಇನ್ಸ್‌ಪೆಕ್ಟರಿನ ಕಣ್ಣು ಮೂಲೆಯ ರಾಶಿಯ ಮೇಲೆ ಬಿತ್ತು. ಅದೇ ಲಾಡ್ಜಿನ ನೈಲಾನ್ ಪರದೆಗಳು, ಅದೇ ನೀರು, ಅದೇ ಇಸ್ತ್ರಿ. ಒಂದು ತೂತೂ ಇಲ್ಲ. ಇಸ್ತ್ರಿ ಮಿತಿಮೀರಿ ಕಾದಿದ್ದರೆ ಮೊದಲು ಮುದುಡಬೇಕಾದದ್ದೇ ನೈಲಾನ್. ಇಲ್ಲಿ ಹೋಗಿದ್ದು ಹತ್ತಿ ಬಟ್ಟೆ ಮಾತ್ರ.

ನೀರು ಎಲ್ಲಿಂದ ಎಂದು ಕೇಳಿದ. ಹಿತ್ತಲಿನ ಕಾಲುವೆಯಿಂದ. ಅಷ್ಟರಲ್ಲಿ ಪುರಾಣ ಬಿಸಿಲಿಗೆ ಬಳಲಿ ಅಲ್ಲೇ ಮುಖ ತೊಳೆಯಲು ಹೋಗಿ, ಅಯ್ಯಯ್ಯೋ ಎಂದು ಕಣ್ಣು ಮುಚ್ಚಿಕೊಂಡು ಕುಪ್ಪಳಿಸತೊಡಗಿದ್ದ. ಆಕೆ ಓಡಿಬಂದು ಕುಡಿಯಲು ಇಟ್ಟಿದ್ದ ಕೊಡದ ನೀರನ್ನೆಲ್ಲ ಅವನ ಮುಖಕ್ಕೆ ಸುರಿದಳು. ಆಗ ಕಂಡವು ಆಕೆಯ ಕೈಗಳು. ಚರ್ಮ ಸುಲಿದು, ಬೆರಳ ಸಂದುಗಳಲ್ಲಿ ಕೆಂಪಗೆ ಬಿರಿದಿದ್ದವು.

"ನಿನ್ನೆ ಯಾಕೆ ತೋರಿಸ್ಲಿಲ್ಲ?"

"ಹುಣ್ಣು ಕೈಗೆ ಯಾರು ಸಾರ್ ಬಟ್ಟೆ ಕೊಡ್ತಾರೆ? ಬಚ್ಚಿಟ್ಕೊಂಡೇ ಓಡಾಡ್ತಿದೀನಿ."

ಇನ್ಸ್‌ಪೆಕ್ಟರಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ತಪ್ಪಾಯಿತು ಎನ್ನಬೇಕಿತ್ತು. ಅದು ನಾಲಿಗೆಗೆ ಬರಲಿಲ್ಲ, ನೀರಿನ ಮಾದರಿ ತೆಗೆಯಲು ಹೇಳಿ ಜೀಪು ಹತ್ತಿದ.

ಬುಧವಾರ ಪರಿಸರ ಅಧಿಕಾರಿ ಬಂದಳು. ಕಾಲುವೆಯಲ್ಲಿ ಅದ್ದಿದ ನೀಲಿ ಲಿಟ್ಮಸ್ ಪಟ್ಟಿ ಆ ಕ್ಷಣವೇ ಕೆಂಪಾಯಿತು. ಆಸಿಡ್. ತೆಳ್ಳಗಿರುವಾಗ ಬಟ್ಟೆಗೆ ಗೊತ್ತಾಗುವುದಿಲ್ಲ, ಇಸ್ತ್ರಿಯ ಕಾವಿಗೆ ನೀರು ಆರಿ ಆಸಿಡ್ ಗಟ್ಟಿಯಾದಾಗ ಹತ್ತಿಯನ್ನು ತಿಂದುಹಾಕುತ್ತದೆ ಎಂದು ವಿವರಿಸಿದಳು. ಕಾಲುವೆಯ ಮೇಲ್ಭಾಗದಲ್ಲಿ ಇದ್ದದ್ದು ಒಂದೇ ಕಾರ್ಖಾನೆ, ಹಳೆಯ ಬ್ಯಾಟರಿಗಳ ಮರುಬಳಕೆ ಘಟಕ. ಅವಳೇ ದೂರು ಬರೆದುಕೊಟ್ಟಳು, ಎಫ್‌ಐಆರ್ ದಾಖಲಾಯಿತು.

ಜೀಪಿನಲ್ಲಿ ಇನ್ಸ್‌ಪೆಕ್ಟರ್ ನಿಯಮ ಕೇಳಿ ತಿಳಿದುಕೊಂಡ. ಬ್ಯಾಟರಿ ತಯಾರಿಸಿ ಮಾರಿದ ಕಂಪನಿ ಅದು ಸತ್ತ ಮೇಲೂ ಕೈ ತೊಳೆದುಕೊಳ್ಳುವಂತಿಲ್ಲ. ಹಳೆಯದನ್ನು ವಾಪಸು ತರಿಸಿ ನೋಂದಾಯಿತ ಘಟಕದಲ್ಲಿ ಮರುಬಳಕೆ ಮಾಡಿಸಬೇಕು. ಇದೇ ಉತ್ಪಾದಕರ ಹೊಣೆಗಾರಿಕೆ. ಘಟಕ ಸೀಸವನ್ನು ಕರಗಿಸಿ ತೆಗೆಯಬೇಕು, ಆಸಿಡ್‌ಗೆ ಸುಣ್ಣ ಕಲಕಿ ಅದರ ಉರಿ ಕಳೆಯಬೇಕು, ಆಮೇಲೆ ಪ್ರಮಾಣಪತ್ರ ಕೊಡಬೇಕು. ಅದನ್ನು ತೋರಿಸಿದರೆ ಕಂಪನಿಯ ಹೊಣೆ ತೀರಿತು.

"ಘಟಕದೋರು ಸುಳ್ಳು ಪ್ರಮಾಣಪತ್ರ ಕೊಟ್ರೆ?"

"ಕಾಗದದ ಮೇಲೆ ಹೊಣೆ ತೀರುತ್ತೆ. ಆಸಿಡ್ ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ."

ಘಟಕದ ಮ್ಯಾನೇಜರ್ ನಗುನಗುತ್ತಾ ಎದುರುಗೊಂಡ. ಹೊಣೆಗಾರಿಕೆ, ಅನುಪಾಲನೆ, ಅನುಮತಿಯ ಷರತ್ತು ಎಂದು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾ ಎಲ್ಲವನ್ನೂ ತೋರಿಸಿದ. ಪ್ರವಾಸ ಬಂದ ವಿದ್ಯಾರ್ಥಿಗಳಿಗೂ ಹೀಗೆಯೇ ತೋರಿಸುತ್ತಾನಂತೆ. ಕೊನೆಗೆ ಸುಣ್ಣದ ತೊಟ್ಟಿ. ಪಕ್ಕದ ಸುಣ್ಣದ ಚೀಲಗಳನ್ನು ಪುರಾಣ ಕಾಲಿನಿಂದ ಮುಟ್ಟಿ ನೋಡಿದ. ಚೀಲ ಬಿಚ್ಚದೆಯೇ ಸುಣ್ಣ ಕಲ್ಲಾಗಿತ್ತು. ತೊಟ್ಟಿಯ ಮೇಲೆ ಜೇಡ ಬಲೆ ಕಟ್ಟಿತ್ತು.

"ಸ್ವಿಚ್ ಹಾಕಿ," ಎಂದ ಇನ್ಸ್‌ಪೆಕ್ಟರ್.

ಮ್ಯಾನೇಜರ್ ಕರೆಂಟಿಲ್ಲ ಎಂದ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅಧಿಕಾರಿ ತಾನೇ ಸ್ವಿಚ್ ಒತ್ತಿದಳು. ಮೋಟರು ತಿರುಗಿತು, ಕೆಳಗೆ ಕಲಕುವ ದಂಡವೇ ಇರಲಿಲ್ಲ. ತೊಟ್ಟಿಯ ಹಿಂದೆ ಒಂದು ಪೈಪು ನೇರವಾಗಿ ಕಾಲುವೆಗೆ ಇಳಿದಿತ್ತು. ಪಂಚರ ಎದುರು ಪಂಚನಾಮೆ ಬರೆದು, ಮಾದರಿಗಳಿಗೆ ಮೊಹರು ಹಾಕಿ, ಮಧ್ಯಾಹ್ನ ಮೂರಕ್ಕೆ ಮ್ಯಾನೇಜರನನ್ನು ಬಂಧಿಸಿದರು.

ಠಾಣೆಯಲ್ಲಿ ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕಲಕುವ ಯಂತ್ರವನ್ನು ಆಯ್ಕೆ ಮಾಡಿದ್ದು ಅವನೇ. ಸಾದಾ ಕಬ್ಬಿಣದ ದಂಡ ಬೇಡ, ಆಸಿಡ್ ತಡೆಯುವುದಿಲ್ಲ ಎಂದು ಘಟಕದ ಹಿರಿಯ ನೌಕರರೊಬ್ಬರು ಸಭೆಯಲ್ಲಿ ಹೇಳಿದಾಗ, ಇವರಿಗೆ ಏನೂ ತಿಳಿಯದು ಎಂದು ಎಲ್ಲರೆದುರು ಅವರ ಬಾಯಿ ಮುಚ್ಚಿಸಿದ್ದ. ಕೆಲವೇ ದಿನಗಳಲ್ಲಿ ದಂಡ ಕರಗಿಹೋಯಿತು.

"ಮಾಲೀಕರಿಗೆ ಹೇಳಿದ್ರೆ ಹೊಸದು ಹಾಕಿಸ್ತಿರಲಿಲ್ವಾ?"

"ಹಾಕಿಸ್ತಿದ್ರು. ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳ್ತಾರಲ್ಲ, ಅದಕ್ಕೆ ಏನು ಹೇಳೋದು ಅಂತ ಸುಮ್ಮನಾದೆ."

ಹೇಳಿಕೆಗೆ ಸಹಿ ಹಾಕುವ ಮುಂಚೆ ಅವನು ತಲೆ ತಗ್ಗಿಸಿಯೇ ಒಂದು ಮಾತು ಕೇಳಿದ.

"ದುಡ್ಡಿನ ಆಸೆಗೆ ಮಾಡ್ದ ಅಂತ ಬರ್ಕೊಳ್ಳಿ ಸಾರ್. ಮನೇಲಿ ಮಗಳಿದಾಳೆ. ಕಳ್ಳ ಅಂದ್ರೂ ತಡ್ಕೋತೀನಿ, ದಡ್ಡ ಅನ್ನಿಸ್ಕೊಳ್ಳೋಕಾಗಲ್ಲ."

ಇನ್ಸ್‌ಪೆಕ್ಟರ್ ಇದ್ದದ್ದನ್ನು ಇದ್ದ ಹಾಗೇ ಬರೆಸಿದ. ಬರೆಸುತ್ತಿರುವಾಗ ತನ್ನದೇ ಹೇಳಿಕೆ ಬರೆಸುತ್ತಿರುವಂತೆ ಅವನಿಗೆ ಮುಜುಗರವಾಯಿತು. ಒಗೆಯುವಾಕೆಯ ವಿಷಯದಲ್ಲಿ ಅವನೂ ನಾಳೆ ಹೇಳೋಣ ಎಂದುಕೊಂಡೇ ಒಂದು ದಿನ ಕಳೆದಿದ್ದ.

ಸಂಜೆ ಒಬ್ಬನೇ ಒಗೆಯುವಾಕೆಯ ಮನೆಗೆ ಹೋದ. ಆಕೆ ಸುಮ್ಮನೆ ಬಾಗಿಲಲ್ಲಿ ಕೂತಿದ್ದಳು, ಒಗೆಯಲು ಬಟ್ಟೆಯೇ ಇರಲಿಲ್ಲ. ತಪ್ಪು ಯಾರದೆಂದು ಸಿಕ್ಕಿದೆ, ನಿಮ್ಮದೇನೂ ಇಲ್ಲ, ನಾನು ಹಾಗೆ ಮಾತಾಡಬಾರದಿತ್ತು ಎಂದ. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು.

"ಅವತ್ತು ಅಷ್ಟು ಜನರ ಮುಂದೆ ಬೈದ್ರಿ ಸಾರ್. ಇವತ್ತು ನಾನೊಬ್ಬಳೇ ಇರುವಾಗ ಹೇಳ್ತಿದೀರಿ."

ಇನ್ಸ್‌ಪೆಕ್ಟರ್ ಜೀಪಿನ ಬಾಗಿಲು ತೆಗೆದ. ಬನ್ನಿ ಅಮ್ಮ ಎಂದು ಆಕೆಯನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಲಾಡ್ಜಿಗೆ ಹೋದ. ರಾತ್ರಿಯ ಊಟದ ಹೊತ್ತು, ಕೆಳಗಿನ ಊಟದ ಕೋಣೆ ತುಂಬಿತ್ತು, ಆಕೆಯ ಬೀದಿಯವರೂ ಕೆಲವರಿದ್ದರು. ಸಮವಸ್ತ್ರದಲ್ಲಿ ನಡುವೆ ನಿಂತು, ಆಕೆಗೆ ಹೇಳಿದ್ದನ್ನೇ ಅವನು ಹೇಳತೊಡಗಿದ. ಕೇಳಿಸಲಿಲ್ಲ ಎಂದು ಹಿಂದಿನಿಂದ ಯಾರೋ ಅಂದರು, ಎಲ್ಲವನ್ನೂ ಇನ್ನೊಮ್ಮೆ ಹೇಳಬೇಕಾಯಿತು.