ಸೆಗಣಿ ಬಳಿದ ಕಲ್ಲು

"ತೊಳೀಬ್ಯಾಡ ಸಾಮಿ. ದನದ ರೋಗಾನ ಮಾಟ ಮಾಡ್ಸಿ ಆ ಕಲ್ಲಾಗೆ ಕಟ್ಟಾಕವ್ರೆ. ಬಿಚ್ದೋರ ಮೈಗೆ ಏರ್ತೈತೆ," ಅಂದ್ಲು ಊರಿನ ಅಜ್ಜಿ ಕೊಲ್ಲಾಪುರಮ್ಮ.

ಪ್ರಸನ್ನ ಕುಮಾರ್ ನಕ್ಕ. ಕರೆಂಟಿನ ಟವರ್ ನಿಲ್ಲಿಸೋಕೆ ಮುಂಚೆ ಆ ಜಾಗದಲ್ಲಿ ಹಳೇ ಶಾಸನ, ಗುಡಿ ಏನಾದ್ರೂ ಇದೆಯಾ ಅಂತ ನೋಡಿ ಬರೆಯೋದು ಅವನ ಕೆಲಸ. ನಿಡುಗಲ್ ಬೆಟ್ಟದ ಕೆಳಗೆ, ಟವರಿಗೆ ಗೂಟ ಹೊಡೆದಿದ್ದ ಕಡೆಯೇ ಈ ಕಲ್ಲು. ಮೇಲೆ ಗೇಣು ದಪ್ಪ ಒಣಗಿದ ಸೆಗಣಿ.

"ಏರ್ಲಿ ಬುಡು ಅಜ್ಜಿ. ನಾನೇ ಹಸು ಆಗಿ ಎರಡು ಲೀಟರ್ ಹಾಲು ಕೊಡ್ತೀನಿ," ಅಂತ ನೀರು ಹುಯ್ದ.

ಅಕ್ಷರ ಎದ್ದವು. ಒದ್ದೆ ಕಾಗದ ಹಾಸಿ, ಬ್ರಷ್ಷಲ್ಲಿ ಕುಟ್ಟಿ, ಮಸಿ ಒತ್ತಿ ಅಚ್ಚು ತೆಗೆದ. ಅಚ್ಚು ಸೊಗಸಾಗಿ ಬಂತು. ಕಲ್ಲಲ್ಲಿ ಮಾತ್ರ ಒಂದಕ್ಷರವೂ ಉಳಿದಿರಲಿಲ್ಲ.

ಗಾಳಿ ನಿಂತಿತು. ಕೊಳೆತ ಗೊರಸಿನ ವಾಸನೆ ಮೂಗಿಗೆ ಅಡರಿತು. ನಡುಮಧ್ಯಾಹ್ನದಲ್ಲೇ ಕಣ್ಣಿಗೆ ಮಬ್ಬು. ಕಾಗದದ ಮೇಲಿನ ಅಕ್ಷರಗಳು ಇರುವೆ ಸಾಲಿನಂಗೆ ಅವನ ಬೆರಳಿಗೆ ಹತ್ತಿದವು. ಮಣಿಕಟ್ಟು. ಮೊಣಕೈ. ಎದೆ. ಹತ್ತಿದ ಕಡೆಯೆಲ್ಲ ಜೋಮು. ಚಿವುಟಿಕೊಂಡ. ನೋವಿಲ್ಲ. ಕಾಲು ಎತ್ತೋಕೆ ಹೋದ. ಕಾಲು ಇಲ್ಲವೇ ಇಲ್ಲ ಅನ್ನಿಸ್ತು.

"ನೀರು," ಅಂದ. "ತೊಳೀರಿ."

ಪಕ್ಕದ ಹೊಲದ ಗಂಗಹನುಮಯ್ಯ ಕೊಡ ಹಿಡಕೊಂಡು ಬಂದವನು ಅರ್ಧ ದಾರಿಗೇ ನಿಂತ. ತೊಳೆದ್ರೆ ಈತ ಬದುಕ್ತಾನಾ ಅಂತ ಅಜ್ಜೀನ ಕೇಳಿದ. ಬದುಕ್ತಾನೆ, ಆದ್ರೆ ರೋಗ ಊರೊಳಕ್ಕೆ ಹೊಕ್ಕಂತದೆ ಅಂದ್ಲು. ಅವನಿಗೆ ನಾಲ್ಕು ಸೀಮೆಹಸು, ಒಂದು ಗಬ್ಬ. ಸಂತೇಲಿ ಬದನೆಕಾಯಿ ಆರಿಸೋನಂಗೆ ಪ್ರಸನ್ನನ್ನ ಮೇಲಿಂದ ಕೆಳಗೆ ನೋಡಿದ.

"ಅಕ್ಷರ ನೀಟಾಗಿ ಕುಂತಾವೆ ಕಣಮ್ಮ," ಅಂದ. ಕೊಡ ಕೆಳಗಿಟ್ಟ.

ಕೊಲ್ಲಾಪುರಮ್ಮ ಮಂಕರಿ ತಂದ್ಲು. ಬೆಚ್ಚನೆ ಸೆಗಣಿ. ಕಾಲಿಂದ ಶುರು ಮಾಡಿದ್ಲು. ಸೊಂಟ. ಎದೆ. ಕತ್ತು. ಅವನು ಅತ್ತ. ಸದ್ದು ಬರಲಿಲ್ಲ. ತಪ್ಪು ತಿಳ್ಕಬ್ಯಾಡ ಮಗಾ ಅಂತ ಕಣ್ಣು ಮಾತ್ರ ಬಿಟ್ಟು ಬಳಿದ್ಲು.

ನಾಲ್ಕು ತಿಂಗಳಾದ ಮೇಲೆ ಟವರ್ ಕಂಪನಿಯೋರು ಶಿರಾದ ಅತಿಯಾ ಅನ್ನೋ ಹುಡುಗೀನ ಸರ್ವೆಗೆ ಕಳಿಸಿದ್ರು. ಹಳಬ ಕೆಲಸ ಬಿಟ್ಟು ಎಲ್ಲೋ ಹೋಗವ್ನೆ ಅಂತ ಅವಳಿಗೆ ಹೇಳಿದ್ರು. ಅವಳು ಕಲ್ಲಾಗಿ ನಿಂತಿದ್ದ ಪ್ರಸನ್ನನ ಎದೆ ಸುತ್ತ ಟೇಪು ಹಿಡಿದ್ಲು. ಟೇಪು ಅವನಿಗೆ ಕಾಣ್ತು. ಮುಟ್ಟಿದ್ದು ಗೊತ್ತಾಗಲಿಲ್ಲ. ಅವಳು ನೀಟಾಗಿ, ಬರೆದಿದ್ದನ್ನ ಬಾಯಲ್ಲೂ ಹೇಳಿಕೊಂಡು ಬರೆದ್ಲು:

'ಆಳೆತ್ತರದ ಅಪರೂಪದ ಶಿಲ್ಪ. ಸುಮಾರು ನಾನೂರು ವರ್ಷ ಹಳೆಯದು. ಟವರನ್ನು ಹತ್ತು ಮೀಟರ್ ಆಚೆ ಸರಿಸುವುದು. ಸುತ್ತ ಬೇಲಿ ಹಾಕಿ, ಯಾರೂ ನೀರು ಹಾಕಿ ತೊಳೆಯದಂತೆ ಕಾಯುವುದು.'